ಪಿಯಾನೊಗೆ ಬಾಣಂತನ

ಹೊಸನಗರ, ಸಾಗರ, ತೀರ್ಥಹಳ್ಳಿ ಮೂರೂ ತಾಲ್ಲೂಕು ಹುಡುಕಿದರೆ ಬಾಣಂತನ ಮಾಡಿ ಗೊತ್ತಿರುವ ಹೆಂಗಸರು ಬೇಕಾದಷ್ಟು ಸಿಗುತ್ತಾರೆ. ಅವರಲ್ಲಿ ನಾನೂ ಒಬ್ಬಳು. ಆದರೆ ಪಿಯಾನೊಗೆ ಬಾಣಂತನ ಮಾಡಿದ ಗಂಡಸು ಒಬ್ಬನೇ ಒಬ್ಬ. ಅವನು ನನ್ನ ತಮ್ಮ! ಹೆಂಗಸರಿಗಾದರೆ ನಾವು ಮೂರು ತಿಂಗಳು ಮಾಡಿ ಕೈ ತೊಳೆದುಕೊಳ್ಳುತ್ತೇವೆ. ಅವನು ಹನ್ನೆರಡು ವರ್ಷ ಮಾಡಿದ. ಅದು ಹೆತ್ತಿದ್ದೇನು ಅಂತ ಮಾತ್ರ ಕೇಳಬೇಡಿ. ನನಗೂ ಗೊತ್ತಿಲ್ಲ.

ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ಜಗಳಕ್ಕೆ ಬರುತ್ತಾನೆ. ನಾನು ಎರಡನೇ ಕ್ಲಾಸಿನಲ್ಲಿ ಸ್ಲೇಟು ಒಡೆದುಕೊಂಡು ಮನೆಗೆ ಬಂದವಳು ಮತ್ತೆ ಶಾಲೆಗೆ ಹೋಗಲಿಲ್ಲ, ಆದ್ದರಿಂದ ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ. ಸುಳ್ಳು ಮಾತ್ರ ಇರುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ನನಗೊಂದು ರೋಗ. ಕೂಸು ಹುಟ್ಟಿದ ಮನೆಯಲ್ಲಿ ಎಲ್ಲರೂ "ಎಷ್ಟು ಚೆಂದ, ಎಷ್ಟು ಚೆಂದ" ಎನ್ನುವಾಗ ನಾನು "ಮೂಗು ಗಿಡ್ಡ" ಎಂದು ಹೇಳಿ ಎಷ್ಟೋ ಮನೆಯಲ್ಲಿ ಕಾಫಿ ಕಳೆದುಕೊಂಡಿದ್ದೇನೆ. ಗಿಡ್ಡ ಇದ್ದರೆ ಗಿಡ್ಡ ಅನ್ನದೆ ಮತ್ತೇನು ಹೇಳಬೇಕು?

ನನ್ನ ಕೆಲಸ ಇಷ್ಟೇ. ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ಬಿಸಿನೀರು ಹಾಕುವುದು, ಮಂಚದ ಕೆಳಗೆ ಕೆಂಡ ಇಡುವುದು, ಸಾಂಬ್ರಾಣಿ ಹೊಗೆ ಕೊಡುವುದು. ಕೂಸಿಗೆ ತಿಂಗಳು ಮೂರು ತುಂಬಿದಾಗ ಕಿವಿ ನೋಡುವುದೂ ನನ್ನದೇ ಕೆಲಸ. ಅದಕ್ಕೆ ಸೆರಗಿನ ತುದಿಯಲ್ಲಿ ಒಂದು ಸಣ್ಣ ಬೆಳ್ಳಿ ಗೆಜ್ಜೆ ಕಟ್ಟಿಕೊಂಡಿರುತ್ತಿದ್ದೆ. ಕೂಸಿಗೆ ಕಾಣದ ಹಾಗೆ ತಲೆಯ ಹಿಂದೆ ಅಲ್ಲಾಡಿಸಿದರೆ ಕಣ್ಣು ಆ ಕಡೆ ತಿರುಗಬೇಕು. ನಲವತ್ತು ವರ್ಷದಲ್ಲಿ ಎರಡು ಕೂಸು ತಿರುಗಲಿಲ್ಲ. ಆ ತಾಯಂದಿರಿಗೆ ಅವತ್ತೇ ಹೇಳಿದೆ. ಅವರು ಅತ್ತರು. ಅಳಲಿ ಅಂತ ಬಿಟ್ಟೆ.

ತಮ್ಮನದು ಅಕ್ಕಿ ಮಿಲ್ಲುಗಳ ಆಯಿಲ್ ಇಂಜಿನ್ ರಿಪೇರಿ. ಮೂರು ತಾಲ್ಲೂಕಿನಲ್ಲಿ ಎಲ್ಲಿ ಇಂಜಿನ್ ಕೆಮ್ಮಿದರೂ ಅವನಿಗೆ ಕರೆ ಬರುತ್ತಿತ್ತು. ಹೋದವನು ಮೊದಲು ಏನನ್ನೂ ಬಿಚ್ಚುವುದಿಲ್ಲ. ಉದ್ದನೆಯ ಸ್ಪ್ಯಾನರಿನ ಒಂದು ತುದಿಯನ್ನು ಇಂಜಿನ್ ಮೇಲೆ, ಇನ್ನೊಂದು ತುದಿಯನ್ನು ಕಿವಿಯ ಹತ್ತಿರ ಇಟ್ಟು ಕಣ್ಣು ಮುಚ್ಚುತ್ತಾನೆ. ಡಾಕ್ಟರು ಎದೆ ನೋಡಿದ ಹಾಗೆ! "ಮೂರನೇ ಬೇರಿಂಗ್" ಎನ್ನುತ್ತಾನೆ. ಬಿಚ್ಚಿ ನೋಡಿದರೆ ಮೂರನೆಯದೇ ಇರುತ್ತದೆ. ಇಂಥವನು ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ದಿನಾ ಕೇಳುತ್ತಾನೆ. ಮದುವೆ ಆಗೋ ಎಂದರೆ "ಒಂದು ಇಂಜಿನ್ನಿಗೆ ಎರಡು ಬೆಲ್ಟ್ ಹಾಕಬಾರ್ದು ಅಕ್ಕ" ಎಂದ. ಅದರ ಅರ್ಥ ನನಗೆ ಆಗಲೂ ಆಗಲಿಲ್ಲ, ಈಗಲೂ ಆಗಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ಹೊಸನಗರದಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಒಂದು ಬಾಡಿಗೆ ಮನೆ ಹಿಡಿದು ಇಬ್ಬರೂ ಇದ್ದೆವು.

ಇಸವಿ ಎಪ್ಪತ್ತಾರೋ ಎಪ್ಪತ್ತೇಳೋ ಇರಬೇಕು. ಜೋಗದ ಹತ್ತಿರ ಒಂದು ಹಳೆಯ ಬಂಗಲೆಯ ಇಂಜಿನ್ ನೋಡಲು ಹೋದವನು ಸಂಜೆ ಲಾರಿಯಲ್ಲಿ ಬಂದಿಳಿದ. ಲಾರಿಯಲ್ಲಿ ತೌಡಿನ ಮೂಟೆಗಳು, ಮೂಟೆಗಳ ನಡುವೆ ಕರಿಮರದ ಒಂದು ದೊಡ್ಡ ಪೆಟ್ಟಿಗೆ. ನನಗೆ ಖುಷಿಯಾಯಿತು.

"ಬೀರು ತಂದ್ಯಾ? ನನ್ ಸೀರೆ ಇಡಕ್ಕೆ ಜಾಗ ಇರ್ಲಿಲ್ಲ."

ಅವನು ಮುಚ್ಚಳ ಎತ್ತಿದ. ಒಳಗೆ ಸಾಲಾಗಿ ಹಲ್ಲು! ಬಿಳಿ ಹಲ್ಲು, ನಡುನಡುವೆ ಕರಿ ಹಲ್ಲು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಎಂತದೋ ಇದು?"

"ಪಿಯಾನೊ."

"ಏನ್ ಮಾಡ್ತದೆ?"

"ಸದ್ದು ಮಾಡ್ತದೆ."

"ನಿನ್ ಇಂಜಿನ್ನೂ ಸದ್ದು ಮಾಡ್ತದೆ. ಅದ್ರಲ್ಲಿ ಅಕ್ಕಿನಾದ್ರೂ ಬರ್ತದೆ. ಇದ್ರಲ್ಲಿ ಏನ್ ಬರ್ತದೆ?"

ಅವನು ನಿಜವಾಗಿಯೂ ಯೋಚನೆ ಮಾಡಿದ. "ಇದ್ರಲ್ಲಿ ಸದ್ದೇ ಬರ್ತದೆ ಅಕ್ಕ" ಎಂದ.

"ನಿಂಗೆ ಬಾರಿಸಕ್ಕೆ ಬರ್ತದಾ?"

"ಇಲ್ಲ. ಯಾಕೆ? ಬಸ್ ರಿಪೇರಿ ಮಾಡೋನು ಬಸ್ಸಲ್ಲಿ ಊರೂರು ತಿರುಗ್ಲೇಬೇಕು ಅಂತ ಇದ್ಯಾ?"

ಆದದ್ದು ಹೀಗೆ. ಬಂಗಲೆಯಲ್ಲಿದ್ದ ಮುದುಕಿಯಮ್ಮ ಮನೆ ಖಾಲಿ ಮಾಡಿ ದೂರದ ಊರಿಗೆ ಹೊರಟಿದ್ದರು. ಕೆಲಸದವರು ಕುರ್ಚಿ ತೆಗೆದುಕೊಂಡರು, ಕನ್ನಡಿ ತೆಗೆದುಕೊಂಡರು. ಪಿಯಾನೊ ಯಾರಿಗೂ ಬೇಡ. ಆಕೆ ನನ್ನ ತಮ್ಮನಿಗೆ, "ನೀನು ಮಷಿನ್ ನೋಡಿಕೊಳ್ಳುವವನು. ಇದನ್ನು ಹದವಾಗಿ ಇಟ್ಟುಕೊಂಡರೆ ನಿನಗಿಂತ ಹೆಚ್ಚು ದಿನ ಬಾಳುತ್ತದೆ. ಕೈಬಿಟ್ಟರೆ ಈ ಮಳೆ ಇದನ್ನು ತಿಂದುಹಾಕುತ್ತದೆ" ಎಂದರಂತೆ. ಇಷ್ಟೇ. ಬೇರೆ ಯಾರಿಗಾದರೂ ಅದು ಮಾತು. ಇವನಿಗೆ ಪಂಥ. ಮಳೆಗೂ ಇವನಿಗೂ ಅವತ್ತಿನಿಂದ ಕುಸ್ತಿ ಶುರುವಾಯಿತು.

ಮೊದಲ ಜೂನ್‌ನಲ್ಲೇ ಮಳೆ ಗೆದ್ದಿತು. ಹಲ್ಲು ಒತ್ತಿದರೆ ಕೆಳಗೆ ಹೋಗುತ್ತದೆ, ಮೇಲೆ ಬರುವುದಿಲ್ಲ. ಒಳಗಿನ ಬಟ್ಟೆಗೆಲ್ಲ ಬೂಷ್ಟು. ಸದ್ದು ಕೇಳಿದರೆ ಮೂಗು ಕಟ್ಟಿದವರು ಮಾತಾಡಿದ ಹಾಗೆ. ತಮ್ಮ ಅದರ ಮುಂದೆ ಕೂತು ಸುಮಾರು ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಅಕ್ಕ, ಇದಕ್ಕೆ ಥಂಡಿ ಹಿಡಿದಿದೆ. ಥಂಡಿ ಬಿಡಿಸೋದು ನಿಂಗಿಂತ ಯಾರಿಗೆ ಗೊತ್ತು?"

ಇಲ್ಲಿ ತಪ್ಪು ನನ್ನದೂ ಇದೆ, ಒಪ್ಪುತ್ತೇನೆ. ಯಾರಾದರೂ ಹಾಗೆ ಹೊಗಳಿದರೆ ನನಗೂ ತಲೆ ನಿಲ್ಲುವುದಿಲ್ಲ. ಬಾಣಂತಿಗೆ ಏನೇನು ಮಾಡುತ್ತೇನೋ ಅಷ್ಟನ್ನೂ ಮಾಡಿದೆ. ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ. ಕೆಂಡದ ಮೇಲೆ ಸಾಂಬ್ರಾಣಿ, ಒಂದು ಹಿಡಿ ಬೆಳ್ಳುಳ್ಳಿ ಸಿಪ್ಪೆ. ಮೇಲಿನಿಂದ ಕಂಬಳಿ. ಗಾಳಿ ತಾಗದ ಹಾಗೆ ಕಿಟಕಿ ಬಂದ್. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಹೊಗೆಯಲ್ಲಿ ನಾವಿಬ್ಬರೂ ಕಣ್ಣೀರು ಸುರಿಸುತ್ತಾ ಕೂತಿದ್ದೆವು. ಪಕ್ಕದ ಮನೆಯಾಕೆ ವಾಸನೆ ಹಿಡಿದು ಬಂದಳು.

"ಯಾರ್ದು ಕಣೇ ಬಾಣಂತನ? ಹೇಳ್ಲೇ ಇಲ್ವಲ್ಲ!"

"ಒಳಗಿದೆ ಹೋಗಿ ನೋಡು."

ಹೋಗಿ ಕಂಬಳಿ ಎತ್ತಿ ನೋಡಿದಳು. ಕಂಬಳಿಯನ್ನು ಮತ್ತೆ ಸರಿಯಾಗಿ ಹೊದಿಸಿ ಈಚೆ ಬಂದಳು. ಆಮೇಲೆ, "ಹುಟ್ಟುವಾಗ್ಲೇ ಎಲ್ಲಾ ಹಲ್ಲು ಬಂದಿದಾವಲ್ಲೇ!" ಎಂದಳು.

ಹಲ್ಲು ಎಷ್ಟು ಅನ್ನುವುದೂ ಮನೆಯಲ್ಲಿ ಒಂದು ಜಗಳ. ನಾನು ಎಣಿಸಿದರೆ ಎಂಬತ್ತೈದು, ತಮ್ಮ ಎಣಿಸಿದರೆ ಎಂಬತ್ತೆಂಟು. ಪ್ರತಿಸಲವೂ ಹಾಗೇ. ಕೊನೆಗೆ ಬೇರೆ ಬೇರೆ ಲೆಕ್ಕ ಇಟ್ಟುಕೊಂಡೆವು.

ಬಾಣಂತನ ಫಲಿಸಿತು. ಹಲ್ಲುಗಳು ಎದ್ದವು, ಮೂಗು ಬಿಟ್ಟಿತು. ದೀಪಾವಳಿ ಕಳೆದ ಮೇಲೆ ತಮ್ಮ ಹೆಮ್ಮೆಯಿಂದ ತೀರ್ಥಹಳ್ಳಿಗೆ ಹೋಗಿ ಒಬ್ಬ ಭಜನೆ ಮಾಸ್ತರನ್ನು ಕರೆದುಕೊಂಡು ಬಂದ. ಅವರು ಹೆಗಲ ಮೇಲೆ ತಮ್ಮ ಹಾರ್ಮೋನಿಯಂ ಹೊತ್ತುಕೊಂಡೇ ಬಂದರು. ಕಾಫಿ ಕುಡಿದರು. ಹಾರ್ಮೋನಿಯಂ ಬಿಚ್ಚಿ ಒಂದು "ಸಾ" ಹಿಡಿದರು. ಪಿಯಾನೊದಲ್ಲಿ ಒಂದು ಹಲ್ಲು ಒತ್ತಿದರು. ಎರಡೂ ಸೇರಿ ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಿಕೊಂಡ ಹಾಗೆ ಕೇಳಿಸಿತು.

"ಇಳಿದಿದೆ ಮಾರಾಯ ನಿನ್ ಪಿಯಾನೊ" ಎಂದರು ಮಾಸ್ತರು.

"ನಿಮ್ದೇ ಏರಿದೆ" ಎಂದ ತಮ್ಮ.

"ಏನಂದೆ? ಮೂವತ್ತು ವರ್ಷದಿಂದ ದೇವ್ರು ಇದೇ ಶ್ರುತೀಲಿ ಕೇಳ್ತಿದಾನೆ!"

"ದೇವ್ರು ಮರ್ಯಾದೆಗೆ ಸುಮ್ನಿದಾನೆ."

ಮಾಸ್ತರು ಹಾರ್ಮೋನಿಯಂ ಮಡಚಿದರು. ಹೊರಡುವ ಮುಂಚೆ ಇಬ್ಬರೂ ನನ್ನ ಕಡೆ ತಿರುಗಿ, "ನೀವೇ ಹೇಳಿ, ಯಾವುದು ಸರಿ?" ಎಂದರು. ನನಗೆ ಹೇಗೆ ಗೊತ್ತು? ಬಿಸಿನೀರು ಸರಿ ಇದೆಯಾ ಅಂದರೆ ಮೊಣಕೈ ಅದ್ದಿ ಹೇಳುತ್ತೇನೆ. ಸದ್ದು ಸರಿ ಇದೆಯಾ ಅಂದರೆ ಏನನ್ನು ಅದ್ದಲಿ? ಒಂದು ಸದ್ದು ಇನ್ನೊಂದು ಸದ್ದಿನ ಹಾಗಿದ್ದರೆ ಸರಿಯಂತೆ. ಆ ಇನ್ನೊಂದು ಯಾವುದರ ಹಾಗಿರಬೇಕು? ಅದಕ್ಕೂ ಹಿಂದಿನದು ಯಾವುದರ ಹಾಗಿತ್ತು? ಸರಿ ಅನ್ನುವುದು ಮೊದಲು ಎಲ್ಲಿ ಹುಟ್ಟಿತು? ಎರಡು ದಿನ ಈ ಯೋಚನೆಯಲ್ಲಿ ನಾನು ಸಾರಿಗೆ ಹುಳಿ ಹಾಕುವುದನ್ನೇ ಮರೆತೆ.

ಅಷ್ಟರಲ್ಲಿ ಬೇಸಿಗೆ ಬಂತು. ಒಂದು ದಿನ ಊಟಕ್ಕೆ ಕೂತಿದ್ದಾಗ ಪಿಯಾನೊ ಒಳಗಿನಿಂದ "ಫಟ್" ಎಂದಿತು. ಹಿಂದಿನ ಹಲಗೆಯಲ್ಲಿ ಒಂದು ಗೇಣು ಬಿರುಕು! ತಮ್ಮ ಕಲಸಿದ ಅನ್ನ ಬಿಟ್ಟು ಎದ್ದ. ಆಗುಂಬೆ ಮೇಲೆ ಘಟ್ಟ ಇಳಿಯುವ ಬಸ್ಸಿನ ಡ್ರೈವರೊಬ್ಬರ ಹತ್ತಿರ ಮಾತು ಕಳಿಸಿದ. ಅವರು ಮಂಗಳೂರಿನಲ್ಲಿ ಕೇಳಿ, ಚರ್ಚುಗಳ ಪಿಯಾನೊ ಸರಿಮಾಡುವ ಒಬ್ಬ ಮುದುಕರನ್ನು ಪತ್ತೆ ಮಾಡಿದರು. ಹದಿನೈದು ದಿನದ ಮೇಲೆ ಆ ಮುದುಕರು ಒಂದು ಕೈಚೀಲ, ಒಂದು ಕೊಡೆ ಹಿಡಿದು ಘಟ್ಟ ಹತ್ತಿ ಬಂದರು.

ಮುಚ್ಚಳ ತೆಗೆದರು. ಬಗ್ಗಿದರು. ಮೂಸಿದರು. ನೆಟ್ಟಗಾದರು. ಮತ್ತೆ ಬಗ್ಗಿ ಮೂಸಿದರು.

"ಎಂತ ಮಾರಾಯ್ರೆ ಇದು! ಪಿಯಾನೊವನ್ನು ಹುರಿದಿದ್ದೀರಲ್ಲ! ಸಾಂಬ್ರಾಣಿ ಹಾಕಿದ್ದು ಯಾರು?"

"ನಾನು" ಎಂದೆ.

"ಬೆಳ್ಳುಳ್ಳಿ?"

"ಅದೂ ನಾನೇ. ಥಂಡಿಗೆ ಒಳ್ಳೇದು."

ಅವರು ಕುರ್ಚಿಯಲ್ಲಿ ಕೂತುಬಿಟ್ಟರು. "ನನ್ನ ಜೀವಮಾನದಲ್ಲಿ ಒಗ್ಗರಣೆ ಹಾಕಿದ ಪಿಯಾನೊ ಇದೇ ಮೊದಲು ನೋಡಿದ್ದು ಅಮ್ಮ."

ಆಮೇಲೆ ನಮಗೆ ಪಾಠ ಹೇಳಿದರು. "ನಮ್ಮಲ್ಲಿ ಕಡಲಿನ ಉಪ್ಪುಗಾಳಿ ತಂತಿಯನ್ನು ತಿಂತದೆ, ಅದು ಹೌದು. ಆದ್ರೆ ಗಾಳಿಯ ಪಸೆ ವರ್ಷ ಇಡೀ ಹೆಚ್ಚುಕಮ್ಮಿ ಒಂದೇ. ಮರ ಅದಕ್ಕೆ ಹೊಂದಿಕೊಳ್ತದೆ. ನಿಮ್ಮಲ್ಲಿ ಹಾಗಲ್ಲ. ಆರು ತಿಂಗಳು ಕೆರೆಗೆ ಹಾಕ್ತೀರಿ, ಆರು ತಿಂಗಳು ಬಾಣಲೆಗೆ ಹಾಕ್ತೀರಿ. ಮರ ಉಬ್ಬಿದ್ರೆ ತಂತಿ ಬಿಗಿ, ಒಣಗಿದ್ರೆ ಸಡಿಲ. ಹಾಗೆ ಎಳೆದಾಡಿದ್ರೆ ಮನುಷ್ಯನೇ ಶ್ರುತಿ ತಪ್ತಾನೆ, ಇದು ಎಂತ ಮಾಡ್ತದೆ? ಅದಕ್ಕೆ ಬೆಚ್ಚಗೂ ಬೇಡ, ತಣ್ಣಗೂ ಬೇಡ. ನಿನ್ನೆ ಇದ್ದ ಹಾಗೆ ಇವತ್ತು ಇದ್ರೆ ಸಾಕು."

ಮಳೆಗಾಲಕ್ಕೆ ಪೆಟ್ಟಿಗೆಯೊಳಗೆ ಒಂದು ಸಣ್ಣ ಬಲ್ಬು ಉರಿಸಬೇಕು, ಬೇಸಿಗೆಗೆ ಕೆಳಗೊಂದು ಪಾತ್ರೆ ನೀರು ಇಡಬೇಕು. ಇದು ಅವರ ಔಷಧಿ. ಮಳೆ ಸುರಿಯುವಾಗ ಬಿಸಿ, ಬಿಸಿಲು ಸುಡುವಾಗ ನೀರು! ನನ್ನ ಅಷ್ಟು ವರ್ಷದ ವಿದ್ಯೆ ತಲೆಕೆಳಗಾಯಿತು. ಬಿರುಕಿಗೆ ಪಟ್ಟಿ ಹಾಕಿದರು, ತಂತಿಗಳನ್ನು ಒಂದೊಂದಾಗಿ ತಿರುಚಿ ಸರಿಮಾಡಿದರು, ತಮ್ಮನಿಗೂ ಆ ಕೆಲಸ ಕಲಿಸಿದರು. ಎರಡು ಕವಲಿನ ಒಂದು ಉಕ್ಕಿನ ಕಡ್ಡಿಯನ್ನೂ ಕೊಟ್ಟರು. ಅದನ್ನು ತಟ್ಟಿ ಮೊದಲು ಒಂದು ತಂತಿಯನ್ನು ಅದಕ್ಕೆ ಸರಿಹೊಂದಿಸಬೇಕು, ಆಮೇಲೆ ಉಳಿದವನ್ನು ಒಂದರಿಂದ ಒಂದಕ್ಕೆ. ಅಂತೂ ಸರಿ ಅನ್ನುವುದು ಆ ಕಡ್ಡಿಯಲ್ಲಿರುತ್ತದೆ ಅಂತ ನನಗೆ ಗೊತ್ತಾಯಿತು. ಆ ಕಡ್ಡಿಗೆ ಯಾರು ಹೇಳಿದರು ಅಂತ ಕೇಳಬೇಕೆಂದಿದ್ದೆ. ಬಸ್ಸಿಗೆ ಹೊತ್ತಾಗಿತ್ತು.

ಅಲ್ಲಿಂದ ಪ್ರತಿ ಅಮಾವಾಸ್ಯೆ ತಮ್ಮನಿಗೆ ಪಿಯಾನೊ ದಿನ. ಅವತ್ತು ಮಿಲ್ಲುಗಳಿಗೆ ರಜೆ. ಬೆಳಿಗ್ಗೆ ಮಿಂದು ಕೂತರೆ ಸಂಜೆಯವರೆಗೆ ಟಿಂಗ್, ಟುಂಗ್, ತಿರುಚು, ಟಿಂಗ್. ಬಲ್ಬಿನದು ಮಾತ್ರ ಪೇಚಾಟ. ಜೋಗದಲ್ಲಿ ಹುಟ್ಟಿದ ಕರೆಂಟು ಎಲ್ಲೆಲ್ಲಿಗೋ ಹೋಗುತ್ತದಂತೆ. ನಮ್ಮ ಮನೆಗೆ ಮಾತ್ರ, ಮೊದಲ ಗಾಳಿಮಳೆ ಬಂದರೆ ವಾರಗಟ್ಟಲೆ ಪತ್ತೆ ಇಲ್ಲ. ಆಗ ನಾನು ಬಾಣಂತಿಯರ ಸೊಂಟಕ್ಕೆ ಕೊಡುವ ಶಾಖ ಕೊಟ್ಟೆ. ತೌಡು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಪೆಟ್ಟಿಗೆಯ ಮೂಲೆಗಳಲ್ಲಿ ಇಟ್ಟೆ. ಬೆಚ್ಚಗೇನೋ ಆಯಿತು. ತೌಡಿಗೆ ಇಲಿ ಬಂದವು. ನಾಲ್ಕು ದಿನ ಮಧ್ಯಾಹ್ನ ತಂತಿಗಳ ಮೇಲೆ ಓಡಾಡಿ ಏನೇನೋ ನುಡಿಸಿದವು. ಪಕ್ಕದ ಮನೆಯಾಕೆ ಬೇಲಿಯ ಹತ್ತಿರ ನಿಂತು, "ನಿನ್ ತಮ್ಮ ಕಲ್ತುಬಿಟ್ನಲ್ಲೇ, ಚೆನ್ನಾಗ್ ಬಾರಿಸ್ತಾನೆ!" ಎಂದಳು. ಆ ಪಿಯಾನೊವನ್ನು ನಮ್ಮ ಮನೆಯಲ್ಲಿ ಯಾರಾದರೂ ಮನಸಾರೆ ನುಡಿಸಿದ್ದರೆ ಅದು ಆ ಇಲಿಗಳೇ.

ಹೀಗೇ ವರ್ಷಗಳು ಹೋದವು. ಪಿಯಾನೊ ಸರಿ ಇತ್ತು. ಸರಿ ಇದೆ ಅಂತ ತಮ್ಮ ಹೇಳುತ್ತಿದ್ದ, ನಾನು ಒಪ್ಪುತ್ತಿದ್ದೆ.

ಎಂಬತ್ತೈದರ ಸುಮಾರಿಗೆ ಒಂದು ಅಮಾವಾಸ್ಯೆ ಅವನು ಬಲಗಡೆಯ ಕೊನೆಯ ಹಲ್ಲುಗಳನ್ನು ಒತ್ತುತ್ತಾ ಕೂತಿದ್ದವನು ಮುಖ ಸಣ್ಣದು ಮಾಡಿಕೊಂಡ.

"ಅಕ್ಕ, ಮಳೆ ಒಳಗೆ ನುಗ್ಗಿದೆ. ಕೊನೇ ಮೂರು ಹಲ್ಲು ಸತ್ತಿದಾವೆ. ಬರೀ ಟಕ್ ಟಕ್ ಅಂತಾವೆ."

ನನಗೆ "ಟಿಣ್" ಎಂದು ಕೇಳಿಸಿತು.

"ಟಿಣ್ ಅಂತದಲ್ಲೋ?"

"ನಿಂಗೆ ಗೊತ್ತಾಗಲ್ಲ ಬಿಡು."

ಬಿಟ್ಟೆ. ಯಾಕೆ ಬಿಟ್ಟೆ ಅಂತ ನೀವು ಕೇಳಬಹುದು. ನೋಡಿ, ಈ ಪಿಯಾನೊ ಮನೆಗೆ ಬಂದಾಗಿನಿಂದ ನನಗೆ ಸರಿ ಅನ್ನಿಸಿದ್ದೆಲ್ಲ ತಪ್ಪಾಗಿತ್ತು. ಬೆಂಕಿ ಸರಿ ಅಂದುಕೊಂಡೆ, ತಪ್ಪಾಯಿತು. ತೌಡಿನ ಶಾಖ ಸರಿ ಅಂದುಕೊಂಡೆ, ಇಲಿ ಬಂದವು. ನನಗೆ ಟಿಣ್ ಎಂದು ಕೇಳುವುದು ಗೊತ್ತಿರುವವರಿಗೆ ಟಕ್ ಇರಬಹುದು. ಇಂಜಿನ್ನಿನ ಹೊಟ್ಟೆಯೊಳಗೆ ಮೂರನೇ ಬೇರಿಂಗ್ ಯಾವುದು ಅಂತ ಹೇಳುವವನು ಸತ್ತಿದೆ ಎಂದರೆ ಸತ್ತಿರಬೇಕು. ಎಲ್ಲರಿಗೂ ಮೂಗು ಗಿಡ್ಡ ಎನ್ನುವ ನಾನು ಅಲ್ಲಿ ಬಾಯಿ ಮುಚ್ಚಿಕೊಂಡೆ.

ಮರು ವರ್ಷ ಮೂರು ಹೋಗಿ ಐದಾಯಿತು. ಅದರ ಮುಂದಿನ ವರ್ಷ ಏಳಾಯಿತು. ತಮ್ಮನಿಗೆ ಊಟ ಸೇರುತ್ತಿರಲಿಲ್ಲ. ಬಲ್ಬು ಬದಲಾಯಿಸಿದ, ಬಟ್ಟೆ ಬದಲಾಯಿಸಿದ, ತಂತಿ ಒರೆಸಿದ. ಒಂದು ಬೆಳಿಗ್ಗೆ ನೋಡಿದರೆ ಸ್ಪ್ಯಾನರಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಇನ್ನೊಂದು ತುದಿಯನ್ನು ಪಿಯಾನೊದ ಮರಕ್ಕೆ ಒತ್ತಿ ಹಿಡಿದಿದ್ದಾನೆ. ಹಾಗೆ ಮಾಡಿದರೆ ಮರದ ಸದ್ದು ತಲೆಯೊಳಗೇ ಬರುತ್ತದಂತೆ. ಪಕ್ಕದ ಮನೆಯಾಕೆ ಮಜ್ಜಿಗೆ ಕೇಳಲು ಬಂದವಳು ಬಾಗಿಲಲ್ಲೇ ನಿಂತಳು.

"ಅಯ್ಯೋ, ನಿನ್ ತಮ್ಮ ಪಿಯಾನೊ ತಿಂತಿದಾನೆ ಕಣೇ!"

"ಇವತ್ತು ದೋಸೆ ಸೀದಿತ್ತು" ಎಂದೆ.

ಸ್ಪ್ಯಾನರು ಈಚೆ ತೆಗೆದು ಅವನು ನನ್ನನ್ನೇ ನೋಡಿದ. "ಅವತ್ತು ಕೆಂಡ ಇಟ್ವಲ್ಲ ಅಕ್ಕ, ಅದ್ರಿಂದ್ಲೇ ಆಯ್ತಾ?"

ಕೆಂಡ ಇಟ್ಟವಳು ನಾನು.

ಅದೇ ದಿನಗಳಲ್ಲಿ ಸಾಗರದಿಂದ ಒಬ್ಬ ಮಿಲ್ಲಿನ ಯಜಮಾನರು ಮನೆಗೇ ಬಂದು ಕೂಗಾಡಿದರು. ಇವನು ನೋಡಿ "ಎಲ್ಲಾ ಸರಿ ಇದೆ" ಎಂದು ಬಂದ ಇಂಜಿನ್ನಿನಲ್ಲಿ ಬೇರಿಂಗು ಕೀರಲಾಗಿ ಕಿರುಚುತ್ತಿತ್ತಂತೆ, ರಸ್ತೆಯಲ್ಲಿ ಹೋಗುವವರಿಗೂ ಕೇಳುತ್ತಿತ್ತಂತೆ. ತಮ್ಮ, "ಇಲ್ಲ ಸ್ವಾಮಿ, ಕಿರುಚ್ತಿರ್ಲಿಲ್ಲ" ಎಂದು ಅವರಿಗಿಂತ ಜೋರಾಗಿ ಕಿರುಚಿದ. ಇತ್ತೀಚೆಗೆ ಅವನು ಜೋರಾಗಿಯೇ ಮಾತಾಡುತ್ತಿದ್ದ. ನಾನು ಮೆಲ್ಲಗೆ ಏನಾದರೂ ಹೇಳಿದರೆ "ಗೊಣಗಬೇಡ" ಎನ್ನುತ್ತಿದ್ದ. ಪಿಯಾನೊ ಚಿಂತೆಯಲ್ಲಿ ತಲೆ ಕೆಟ್ಟಿದೆ ಅಂದುಕೊಂಡೆ. ನೋಡಿ ನನ್ನ ಬುದ್ಧಿ!

ಕೊನೆಗೆ ಅವನು ಮಂಗಳೂರಿಗೆ ಕಾಗದ ಹಾಕಿದ. "ಅವರು ಬರ್ಲಿ. ಏಳು ಹಲ್ಲೂ ಎದ್ರೆ ಸರಿ. ಏಳಲ್ಲ ಅಂದ್ರೆ ಅವತ್ತೇ ಬಿಚ್ಚಿ ಹಾಕ್ತೀನಿ. ಸತ್ತ ಮಷಿನ್ ಮನೇಲಿ ಇಡಬಾರ್ದು" ಎಂದ. ಮುದುಕರು ಬರುವ ದಿನ ಬಿಚ್ಚುವ ಸಾಮಾನುಗಳನ್ನೆಲ್ಲ ಒರೆಸಿ ಚಾಪೆಯ ಮೇಲೆ ಸಾಲಾಗಿ ಜೋಡಿಸಿಟ್ಟ. ಹೆಣದ ಮನೆಯಲ್ಲಿ ಬಿದಿರು ತಂದಿಟ್ಟ ಹಾಗೆ.

ಮುದುಕರು ಇನ್ನಷ್ಟು ಮುದುಕರಾಗಿದ್ದರು. ಮೊದಲು ಮೂಸಿ ನೋಡಿದರು. "ಬೆಳ್ಳುಳ್ಳಿ ಹೋಗಿದೆ, ದೇವರು ದೊಡ್ಡವನು" ಎಂದರು. ಎಡದಿಂದ ಬಲಕ್ಕೆ ಒಂದೊಂದೇ ಹಲ್ಲು ಒತ್ತುತ್ತಾ ಬಂದರು. ಕೊನೆಯ ಏಳನ್ನು ಎರಡೆರಡು ಸಲ ಒತ್ತಿದರು. ಕತ್ತೆತ್ತಿದರು.

"ಎಂತ ಆಗಿದೆ ಇದಕ್ಕೆ? ಚೆಂದ ಉಂಟಲ್ಲ! ಚರ್ಚಿನಲ್ಲೂ ಇಷ್ಟು ಚೆಂದ ಇಟ್ಟುಕೊಳ್ಳುದಿಲ್ಲ."

"ಆ ಏಳು ಹಲ್ಲು?" ಎಂದ ತಮ್ಮ.

"ಏಳೂ ಸರಿ ಉಂಟು."

ತಮ್ಮನಿಗೆ ಸಿಟ್ಟು ಬಂತು. "ನಿಮಗೂ ವಯಸ್ಸಾಯ್ತು ಬಿಡಿ. ಕಿವಿ ಕೇಳ್ತಿಲ್ಲ ನಿಮಗೆ!" ಎಂದು ಬಸ್‌ಸ್ಟ್ಯಾಂಡಿಗೆ ಕೇಳುವಷ್ಟು ಜೋರಾಗಿ ಹೇಳಿದ.

ಮುದುಕರು ಸಿಟ್ಟು ಮಾಡಲಿಲ್ಲ. ಅವನ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಅಮ್ಮ, ನಿಮಗೆ ಎಂತ ಕೇಳ್ತದೆ?"

ಹತ್ತು ವರ್ಷದಲ್ಲಿ ಎಲ್ಲರೂ ನನ್ನನ್ನು ಯಾವುದು ಸರಿ ಅಂತ ಕೇಳಿದ್ದರು. ಏನು ಕೇಳಿಸುತ್ತದೆ ಅಂತ ಒಬ್ಬರೂ ಕೇಳಿರಲಿಲ್ಲ.

"ಟಿಣ್" ಎಂದೆ.

ಮುಂದಿನದು ಒತ್ತಿದರು. "ಟಿಣ್. ಅದಕ್ಕಿಂತ ಸ್ವಲ್ಪ ಸಣ್ಣ." ಏಳೂ ಆಯಿತು. ಏಳನೆಯದು ಬರುವಷ್ಟರಲ್ಲಿ ನನ್ನ ಕೈ ಸೆರಗಿನ ತುದಿಗೆ ಹೋಗಿತ್ತು.

ಸೆರಗಿನ ಗಂಟು ಬಿಚ್ಚಿದೆ. ತಮ್ಮ ಆ ಏಳು ಹಲ್ಲುಗಳನ್ನೇ ದಿಟ್ಟಿಸುತ್ತಾ ನಿಂತಿದ್ದ. ಅವನ ಬೆನ್ನ ಹಿಂದೆ ಹೋಗಿ ಬಲಕಿವಿಯ ಹತ್ತಿರ ಗೆಜ್ಜೆ ಅಲ್ಲಾಡಿಸಿದೆ. ಮುದುಕರು ತಿರುಗಿ ನೋಡಿದರು. ಕಿಟಕಿಯಲ್ಲಿ ಮಲಗಿದ್ದ ಬೆಕ್ಕು ತಿರುಗಿ ನೋಡಿತು. ಎಡಕಿವಿಯ ಹತ್ತಿರ ಅಲ್ಲಾಡಿಸಿದೆ. ಬೆಕ್ಕು ಎದ್ದು ಕೂತಿತು. ಅವನು ತಿರುಗಲಿಲ್ಲ.

ಇನ್ನೊಂದು ಸಲ ಅಲ್ಲಾಡಿಸಿದೆ. ಕೂಸುಗಳಿಗೆ ಎರಡೇ ಸಲ ನೋಡುವುದು. ಇವನಿಗೆ ಮೂರು ಸಲ ನೋಡಿದೆ.

ಮುಂದೆ ಬಂದು, ನನ್ನ ಬಾಯಿ ಅವನಿಗೆ ಕಾಣುವ ಹಾಗೆ ನಿಂತೆ.

"ಪಿಯಾನೊ ಸರಿ ಇದೆ ಕಣೋ. ಕೆಟ್ಟಿದ್ದು ನಿನ್ ಕಿವಿ. ಸಣ್ಣ ಸದ್ದು ನಿಂಗೆ ಕೇಳ್ತಿಲ್ಲ. ಆ ಇಂಜಿನ್ನುಗಳ ನಡುವೆ ಕೂತು ಕೂತು ಹೋಗಿದೆ."

ಅವನು ನನ್ನ ಕೈಯ ಗೆಜ್ಜೆ ನೋಡಿದ. ಮುದುಕರನ್ನು ನೋಡಿದ. ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು.

"ಏಳೂ ಇದಾವಾ?" ಎಂದ.

"ಏಳೂ ಇದಾವೆ."

"ಮೊದ್ಲು ಹೋದ ಮೂರು?"

"ಅವೂ ಇದಾವೆ. ಹೋಗೇ ಇಲ್ಲ."

ಗೆಜ್ಜೆಗೆ ತಿರುಗದ ಆ ಕೂಸುಗಳ ತಾಯಂದಿರ ಹಾಗೆ ಇವನೂ ಅಳುತ್ತಾನೆ ಅಂದುಕೊಂಡೆ. ಇವನು ನಗಲು ಶುರುಮಾಡಿದ! ಪಿಯಾನೊದ ಮೇಲೆ ಎರಡೂ ಕೈ ಊರಿ, ಹೆಗಲು ಕುಣಿಯುವ ಹಾಗೆ ನಕ್ಕ.

"ಅಯ್ಯಬ್ಬ! ಮಳೆ ತಿಂದಿಲ್ಲ ಅಕ್ಕ! ನಮ್ ಕೆಂಡನೂ ತಿಂದಿಲ್ಲ!"

"ಕಿವಿ ಹೋಗಿದೆ ಅಂತಿದೀನಿ ಮಾರಾಯ!"

"ಕಿವಿ ನನ್ ಸ್ವಂತದ್ದು. ಇದು ಆ ಬಂಗ್ಲೆ ಅಮ್ಮ ನಂಬಿ ಕೊಟ್ಟಿದ್ದು."

ಹೀಗೆಂದವನು ಚಾಪೆಯ ಮೇಲಿನ ಸಾಮಾನುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕಿದ. ಹಾಕುವಾಗ ಒಂದೂ ಸದ್ದಾಗದ ಹಾಗೆ ಹಾಕಿದ. ಸದ್ದಾದರೂ ಅವನಿಗೆ ಕೇಳುತ್ತಿರಲಿಲ್ಲವೇನೋ. ಅದು ನನಗೆ ಗೊತ್ತಿಲ್ಲ.

ಅವತ್ತಿನಿಂದ ಅವನು ಇಂಜಿನ್ ಕೆಲಸ ಬಿಟ್ಟ. ಪಿಯಾನೊ ಬಿಡಲಿಲ್ಲ. ದಪ್ಪ ಸದ್ದಿನ ಹಲ್ಲುಗಳನ್ನು ತಾನೇ ನೋಡಿಕೊಳ್ಳುತ್ತಿದ್ದ. ಬಲಗಡೆಯ ಏಳು ನನ್ನ ಪಾಲಿಗೆ ಬಂದವು. ದಿನಾ ಬೆಳಿಗ್ಗೆ, ಬಾಣಂತಿಯರ ಮನೆಗೆ ಹೊರಡುವ ಮುಂಚೆ, ನಾನು ಆ ಏಳನ್ನು ಒತ್ತಬೇಕು. ಅವನು ಅಂಗೈಯನ್ನು ಮರದ ಮೇಲಿಟ್ಟುಕೊಂಡು ನನ್ನ ಮುಖ ನೋಡುತ್ತಾ ನಿಲ್ಲುತ್ತಾನೆ.

"ಏಳೂ ಇದಾವಾ?"

"ಏಳೂ ಇದಾವೆ."

ಅಷ್ಟಾದರೆ ಅವನು ಕಾಫಿ ಕುಡಿಯುತ್ತಾನೆ. ಇಲ್ಲದಿದ್ದರೆ ಇಲ್ಲ.

ಎಂಬತ್ತೆಂಟರ ಮಳೆ ನಿಮಗೆ ನೆನಪಿದೆಯೋ ಇಲ್ಲವೋ, ನನಗಿದೆ. ಆಷಾಢದಲ್ಲಿ ಒಂದು ಮಧ್ಯಾಹ್ನ ಅವನು ಔಷಧಿ ಅಂಗಡಿಗೆ ಹೋಗಿದ್ದಾಗ ಪಿಯಾನೊದ ಒಳಗೆ ಏನೋ ಚಿಟ್ಟೆಂದಿತು. ಮುಚ್ಚಳ ಎತ್ತಿ ನೋಡಿದೆ. ಕೊನೆಯ ಹಲ್ಲಿನ ತಂತಿಗಳು ತುಕ್ಕು ಹಿಡಿದು ತುಂಡಾಗಿ ಸುರುಳಿ ಸುತ್ತಿಕೊಂಡಿದ್ದವು. ಹಲ್ಲು ಒತ್ತಿದೆ. ಟಕ್. ಈ ಸಲ ನನಗೂ ಟಕ್. ಮುಚ್ಚಳ ಹಾಕಿ, ಪೋಸ್ಟಾಫೀಸಿನಿಂದ ಒಂದು ಕಾರ್ಡು ತಂದು, ಆ ಮುದುಕರಿಗೆ ನಾನೇ ಬರೆದೆ. ಎರಡು ಸಾಲು ಬರೆಯಲು ಸಂಜೆ ಆಯಿತು.

ಮರುದಿನ ಬೆಳಿಗ್ಗೆ ಅವನು ಎಂದಿನಂತೆ ಅಂಗೈ ಇಟ್ಟುಕೊಂಡು ನಿಂತ. ನಾನು ಒತ್ತಿದೆ. ಟಿಣ್, ಟಿಣ್, ಟಿಣ್, ಟಿಣ್, ಟಿಣ್, ಟಿಣ್.

ಟಕ್.

"ಏಳೂ ಇದಾವಾ ಅಕ್ಕ?"

ಯಾರ ಮುಲಾಜಿಗೂ ಯಾವ ಕೂಸಿನ ಮೂಗನ್ನೂ ಉದ್ದ ಎಂದವಳಲ್ಲ ನಾನು.

"ಏಳೂ ಇದಾವೆ" ಎಂದೆ. "ಕಾಫಿ ಆರ್ತದೆ, ಬಾ."